ಹಳೇ ಹುಬ್ಬಳ್ಳಿಯ ಹುಡುಗನಿಗೆ ಬೇಕಾಗಿರೋದು ಒಂದು ಕಾಗದ



ಇವತ್ತು ಹಳೇ ಹುಬ್ಬಳ್ಳಿ ಬಗ್ಗೆ ಮಾತಾಡಬೇಕು ಅನ್ನಿಸ್ತು. ಈ ಹೆಸರು ಕೇಳಿದ ತಕ್ಷಣ ಟಿವಿ ನೋಡುವ ಬಹಳಷ್ಟು ಜನರಿಗೆ ನೆನಪಾಗೋದು 2022ರ ಏಪ್ರಿಲ್. ಪೊಲೀಸ್ ಠಾಣೆ, ಕಲ್ಲು ತೂರಾಟ, ನಿಷೇಧಾಜ್ಞೆ. ಆ ಸುದ್ದಿ ನೀವೆಲ್ಲ ನೋಡಿದ್ದೀರಿ. ಇವತ್ತಿನ ವಿಷಯ ಬೇರೆ. ಇದರಲ್ಲಿ ಗಲಾಟೆ ಇಲ್ಲ, ಲೈವ್ ದೃಶ್ಯ ಇಲ್ಲ, ಪ್ಯಾನಲ್‌ನಲ್ಲಿ ಕೂತು ಕೂಗಾಡೋಕೆ ಯಾರೂ ಬರಲ್ಲ. ಆದರೆ ಅದೇ ಓಣಿಗಳ ಎಷ್ಟೋ ಮನೆಗಳಲ್ಲಿ ನಾಳೆ ಒಲೆ ಹೇಗೆ ಉರಿಯುತ್ತೆ ಅನ್ನೋದು ಈ ವಿಷಯದ ಮೇಲೆ ನಿಂತಿದೆ. ಹತ್ತನೇ ಕ್ಲಾಸ್ ಮುಗಿಸಿದ, ಅಥವಾ ಅದನ್ನೂ ಮುಗಿಸೋಕೆ ಆಗದ ಹುಡುಗ ಹುಡುಗಿಯರು ಒಂದು ಕೆಲಸ ಕಲಿಯೋಕೆ ಎಲ್ಲಿಗೆ ಹೋಗಬೇಕು? ಹೋದರೆ ಅಲ್ಲಿ ಏನು ಸಿಗುತ್ತೆ? ಕಲಿತ ಮೇಲೆ ಏನಾಗುತ್ತೆ?

ಒಬ್ಬ ಹುಡುಗನನ್ನ ಕಣ್ಣ ಮುಂದೆ ತಂದುಕೊಳ್ಳಿ. ಇಂಥ ಹುಡುಗರು ನಿಮ್ಮ ಓಣಿಯಲ್ಲೂ ಇದ್ದಾರೆ, ಹಾಗಾಗಿ ಹೆಸರು ಬೇಡ. 15ನೇ ವಯಸ್ಸಿಗೆ ಗ್ಯಾರೇಜ್ ಸೇರಿದ. ಮೊದಲ ಎರಡು ವರ್ಷ ಸ್ಪ್ಯಾನರ್ ಎತ್ತಿ ಕೊಡೋದು, ಚಹಾ ತರೋದು. ಈಗ ವಯಸ್ಸು 22. ಗಾಡಿ ಸ್ಟಾರ್ಟ್ ಮಾಡಿದರೆ ಸಾಕು, ಸದ್ದು ಕೇಳಿಯೇ ಎಲ್ಲಿ ತೊಂದರೆ ಇದೆ ಅಂತ ಹೇಳ್ತಾನೆ. ಮಾಲೀಕ ಇಲ್ಲದ ದಿನ ಗ್ಯಾರೇಜ್ ಇವನೇ ನಡೆಸ್ತಾನೆ. ಏಳು ವರ್ಷದ ವಿದ್ಯೆ ಅವನ ಕೈಯಲ್ಲಿದೆ. ಆದರೆ ಆ ವಿದ್ಯೆ ಇದೆ ಅಂತ ಹೇಳುವ ಒಂದೇ ಒಂದು ಕಾಗದ ಅವನ ಹತ್ತಿರ ಇಲ್ಲ.

ಕಾಗದ ಇಲ್ಲದಿದ್ದರೆ ಏನಂತೆ, ಕೆಲಸ ಬರುತ್ತಲ್ಲ ಅನ್ನಬಹುದು ನೀವು. ನೋಡಿ, ಇದೇ ಹುಬ್ಬಳ್ಳಿಯಲ್ಲಿ ಒಂದು ರೈಲ್ವೆ ವರ್ಕ್‌ಶಾಪ್ ಇದೆ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಾಲದಲ್ಲಿ ಶುರುವಾಗಿದ್ದು. ಈ ಊರು ಬೆಳೆದದ್ದೇ ಆ ವರ್ಕ್‌ಶಾಪ್‌ನ ಭೋಂಗಾ ಕೇಳಿಕೊಂಡು. 2003ರಲ್ಲಿ ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಕೂಡ ಇಲ್ಲಿಗೇ ಬಂತು. ನಿಲ್ದಾಣಕ್ಕೆ ಇಟ್ಟಿರುವ ಹೆಸರು ಹಳೇ ಹುಬ್ಬಳ್ಳಿಯ ಸಿದ್ಧಾರೂಢರದ್ದು. 2023ರ ಮಾರ್ಚ್ 12ರಂದು ಅದೇ ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಉದ್ಘಾಟನೆ ಆಯ್ತು, ಜಗತ್ತಿನಲ್ಲೇ ಉದ್ದ ಅಂತ ನಾವೆಲ್ಲ ಹೆಮ್ಮೆ ಪಟ್ಟೆವು.

ಅದೇ 2023ರಲ್ಲಿ ನೈರುತ್ಯ ರೈಲ್ವೆ ಅಪ್ರೆಂಟಿಸ್ ತರಬೇತಿಗೆ ಅರ್ಜಿ ಕರೆಯಿತು. ಒಟ್ಟು 904 ಸ್ಥಾನ. ಅದರಲ್ಲಿ ಹುಬ್ಬಳ್ಳಿ ವಿಭಾಗಕ್ಕೆ 237, ಹುಬ್ಬಳ್ಳಿ ವರ್ಕ್‌ಶಾಪ್‌ಗೆ 217. ಲೆಕ್ಕ ಹಾಕಿ, 454 ಸ್ಥಾನ. ಬೇರೆ ಪರೀಕ್ಷೆ ಇಲ್ಲ, ಇಂಟರ್‌ವ್ಯೂ ಇಲ್ಲ. ಹತ್ತನೇ ಕ್ಲಾಸ್‌ನಲ್ಲಿ ಶೇಕಡಾ 50 ಅಂಕ ಬೇಕು, ಐಟಿಐ ಪ್ರಮಾಣಪತ್ರ ಬೇಕು, ವಯಸ್ಸು 15ರಿಂದ 24ರೊಳಗೆ ಇರಬೇಕು, ಮೀಸಲು ವರ್ಗದವರಿಗೆ ಸಡಿಲಿಕೆ ಉಂಟು. ಈ ಅಪ್ರೆಂಟಿಸ್ ಮುಗಿಸಿದವರಿಗೆ ರೈಲ್ವೆಯ ಕೆಳಹಂತದ ನೇಮಕಾತಿಯಲ್ಲಿ ಶೇಕಡಾ 20ರಷ್ಟು ಹುದ್ದೆ ಮೀಸಲು. ಬಡವರ ಮನೆಯ ಹುಡುಗನಿಗೆ ಕೇಂದ್ರ ಸರ್ಕಾರದ ನೌಕರಿಗೆ ಹೋಗುವ ದಾರಿಗಳಲ್ಲಿ ಇದಕ್ಕಿಂತ ನೇರವಾದದ್ದು ನನಗೆ ಕಾಣಲ್ಲ.

ಈಗ ನಮ್ಮ ಗ್ಯಾರೇಜ್ ಹುಡುಗನಿಗೆ ಬನ್ನಿ. ವರ್ಕ್‌ಶಾಪ್ ಅವನ ಊರಲ್ಲೇ ಇದೆ, ಕೆಲಸ ಗೊತ್ತಿದೆ. ಐಟಿಐ ಪ್ರಮಾಣಪತ್ರ ಇಲ್ಲ, ಹಾಗಾಗಿ ಬಾಗಿಲು ಮುಚ್ಚಿದೆ. ವಯಸ್ಸು 22, ಇನ್ನೆರಡು ವರ್ಷ ಹೋದರೆ ಆ ಬಾಗಿಲಿಗೆ ಬೀಗವೇ ಬೀಳುತ್ತೆ. ನಾನು ಹೇಳ್ತಿರೋ ಕಾಗದ ಅಂದ್ರೆ ಇದು.

ಹಾಗಾದರೆ ಅವನು ಐಟಿಐಗೆ ಯಾಕೆ ಹೋಗಲಿಲ್ಲ? ಸೋಮಾರಿ ಅಂತ ಹೇಳೋದು ಸುಲಭ. ಐಟಿಐ ನಡೆಯೋದು ಹಗಲು ಹೊತ್ತು. ಫಿಟ್ಟರ್, ಎಲೆಕ್ಟ್ರಿಷಿಯನ್ ಅಂದ್ರೆ ಎರಡು ವರ್ಷ, ವೆಲ್ಡರ್ ಅಂದ್ರೆ ಒಂದು ವರ್ಷ. ಆ ಎರಡು ವರ್ಷ ಹಗಲು ಹೊತ್ತು ಅವನು ಕ್ಲಾಸಿನಲ್ಲಿ ಕೂತರೆ ಮನೆಗೆ ಅಕ್ಕಿ ಯಾರು ತರ್ತಾರೆ? ಫೀಸು ಕಡಿಮೆ, ನಿಜ. ಬಡವರಿಗೆ ಓದಿನ ಖರ್ಚು ಅಂದರೆ ಬರೀ ಫೀಸಲ್ಲ, ಆ ಎರಡು ವರ್ಷ ಬಾರದ ಕೂಲಿಯೂ ಖರ್ಚೇ. ಈ ಸಣ್ಣ ಲೆಕ್ಕ ನಮ್ಮ ದೊಡ್ಡ ದೊಡ್ಡ ಯೋಜನೆಗಳ ಕಡತದಲ್ಲಿ ಕಾಣಿಸೋದೇ ಇಲ್ಲ.

ಇನ್ನು ನಕ್ಷೆ ನೋಡಿ. ಹುಬ್ಬಳ್ಳಿ–ಧಾರವಾಡದಲ್ಲಿ ವಿದ್ಯೆಗೆ ಬರ ಇದೆಯಾ? ಇಲ್ಲವೇ ಇಲ್ಲ. ವಿದ್ಯಾನಗರದಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ. ಗೋಕುಲ ರಸ್ತೆಯಲ್ಲಿ ವಿಮಾನ ನಿಲ್ದಾಣದ ಹತ್ತಿರ ದೇಶಪಾಂಡೆ ಸ್ಕಿಲ್ಲಿಂಗ್. ಧಾರವಾಡದಲ್ಲಿ ಉದ್ಯಮಶೀಲತಾ ಅಭಿವೃದ್ಧಿ ಕೇಂದ್ರ ಸಿಡಾಕ್. ಅದರಾಚೆ ಚಿಕ್ಕಮಲ್ಲಿಗವಾಡದಲ್ಲಿ ಐಐಟಿ. ಹುಬ್ಬಳ್ಳಿಗೆ ಸರ್ಕಾರಿ ಟೂಲ್ ರೂಮ್ ಅಂದರೆ ಜಿಟಿಟಿಸಿ ಕೂಡ ಬಂದಿದೆ, 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಸಂಸ್ಥೆ ಅದು. ಬೆಳವಣಿಗೆ ಎಲ್ಲ ಒಂದೇ ದಿಕ್ಕಿಗೆ, ಧಾರವಾಡದ ಕಡೆಗೆ. ಚಿಗರಿ ಬಸ್ಸೂ ಅದೇ ದಿಕ್ಕಿಗೆ ಓಡುತ್ತೆ. ಹಳೇ ಹುಬ್ಬಳ್ಳಿ ಇನ್ನೊಂದು ತುದಿಯಲ್ಲಿ, ಕಾರವಾರ ರಸ್ತೆ ಕಡೆ ಉಳಿದುಬಿಟ್ಟಿದೆ. 1727ರಲ್ಲಿ ಬಸಪ್ಪ ಶೆಟ್ಟರು ಹೊಸ ಹುಬ್ಬಳ್ಳಿ ಕಟ್ಟಿದಾಗಿನಿಂದ ಇದು ಹಳೇದು. ಸುಮಾರು ಮುನ್ನೂರು ವರ್ಷದಿಂದ ಹೊಸದೆಲ್ಲ ಆ ಕಡೆ, ಹಳೇದು ಈ ಕಡೆ.

ಇಲಾಖೆಗಳ ಕಥೆ ಕೇಳಿ. ಐಟಿಐ ಒಂದು ಇಲಾಖೆ ಕೈಯಲ್ಲಿ, ಪಾಲಿಟೆಕ್ನಿಕ್ ಇನ್ನೊಂದು ಇಲಾಖೆ ಕೈಯಲ್ಲಿ. ರೈಲ್ವೆ ಅಪ್ರೆಂಟಿಸ್ ಕೇಂದ್ರದ್ದು. ಬ್ಯಾಂಕುಗಳು ನಡೆಸುವ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳಿವೆ. 1982ರಲ್ಲಿ ನಮ್ಮ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಮಾದರಿಯನ್ನೇ ಇಡೀ ದೇಶ ತೆಗೆದುಕೊಂಡಿತು, ಹೆಮ್ಮೆಯ ವಿಷಯ. ಆದರೆ ಅದು ಮುಖ್ಯವಾಗಿ ಗ್ರಾಮೀಣರಿಗೆ. ಪಾಲಿಕೆ ವ್ಯಾಪ್ತಿಯೊಳಗಿನ ಬಡವನಿಗೆ ಬೇರೆ ಯೋಜನೆ. ರಾಜ್ಯ ಸರ್ಕಾರ 2016ರಲ್ಲಿ ಕೌಶಲಾಭಿವೃದ್ಧಿಗೆ ಅಂತಲೇ ಪ್ರತ್ಯೇಕ ಇಲಾಖೆ ಮಾಡಿತು, ಎಲ್ಲವನ್ನೂ ಒಂದೇ ಸೂರಿನಡಿ ತರ್ತೀವಿ ಅಂತ. ಸೂರು ಬಂತು. ಹಳೇ ಹುಬ್ಬಳ್ಳಿಯ ತಾಯಿ ಮಗನ ಕೈ ಹಿಡಿದುಕೊಂಡು ಬಂದು, "ಇವನಿಗೆ ಯಾವುದು ಸರಿ ಹೋಗ್ತದ ಹೇಳ್ರಿ" ಅಂತ ಕೇಳೋಕೆ ಒಂದು ಕಿಟಕಿ ಬಂತಾ? ನೀವೇ ಹೇಳಿ.

ದುಡ್ಡು ಖರ್ಚಾಗಿಲ್ಲ ಅಂತ ನಾನು ಹೇಳ್ತಿಲ್ಲ. 2022ರ ಜೂನ್ 20ರಂದು ಬೆಂಗಳೂರಿನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ರಾಜ್ಯದ 150 ಐಟಿಐಗಳನ್ನು ತಂತ್ರಜ್ಞಾನ ಕೇಂದ್ರಗಳು ಅಂತ ಲೋಕಾರ್ಪಣೆ ಮಾಡಿದರು. 4,700 ಕೋಟಿ ರೂಪಾಯಿಗೂ ಹೆಚ್ಚಿನ ಯೋಜನೆ, ಟಾಟಾ ಟೆಕ್ನಾಲಜೀಸ್ ಜೊತೆ. ರೋಬೋ, ಕಂಪ್ಯೂಟರ್ ನಿಯಂತ್ರಿತ ಯಂತ್ರ, ಎಲೆಕ್ಟ್ರಿಕ್ ವಾಹನದ ತರಬೇತಿ. ಒಳ್ಳೆಯ ಕೆಲಸ, ಮೆಚ್ಚಬೇಕು. ಆಮೇಲೆ 2025ರ ಮೇನಲ್ಲಿ ಕೇಂದ್ರ ಸಂಪುಟ ಇನ್ನೂ ದೊಡ್ಡ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಐದು ವರ್ಷ, 60 ಸಾವಿರ ಕೋಟಿ ರೂಪಾಯಿ, 1,000 ಸರ್ಕಾರಿ ಐಟಿಐ. ಕೇಂದ್ರದ್ದು 30 ಸಾವಿರ ಕೋಟಿ, ರಾಜ್ಯಗಳದ್ದು 20 ಸಾವಿರ ಕೋಟಿ, ಉದ್ಯಮಗಳದ್ದು 10 ಸಾವಿರ ಕೋಟಿ. ಅಕ್ಟೋಬರ್‌ನಲ್ಲಿ ಪಿಎಂ ಸೇತು ಅಂತ ಹೆಸರಿಟ್ಟು ಚಾಲನೆ ಕೊಟ್ಟರು. ಇದರ ವಿನ್ಯಾಸ ಹಬ್ ಅಂಡ್ ಸ್ಪೋಕ್. ಸೈಕಲ್ ಗಾಲಿ ನೆನಪು ಮಾಡಿಕೊಳ್ಳಿ. ನಡುವೆ ದೊಡ್ಡ ಐಟಿಐ ಹಬ್ಬು, ಸುತ್ತಲಿನ ಸಣ್ಣ ಐಟಿಐಗಳು ಕಡ್ಡಿ. 200 ಹಬ್ಬು, 800 ಕಡ್ಡಿ. ಅಂದರೆ ದೇಶಾದ್ಯಂತ ಈ ಸಂಸ್ಥೆಗಳನ್ನು ಮರುಜೋಡಣೆ ಮಾಡುವ ಕಾಲ ಬಂದಿದೆ. ಅದಕ್ಕೇ ಈ ಮಾತು ಈಗಲೇ ಆಡಬೇಕು, ಗಾಲಿ ಕಟ್ಟಿ ಮುಗಿದ ಮೇಲೆ ಕಡ್ಡಿ ಸೇರಿಸೋಕೆ ಬರಲ್ಲ.

ಮರುಜೋಡಣೆ ಬೇಕಾ? ಖಂಡಿತ ಬೇಕು. ನೀತಿ ಆಯೋಗ 2023ರಲ್ಲಿ ಐಟಿಐಗಳ ಬಗ್ಗೆ ಒಂದು ವರದಿ ಕೊಟ್ಟಿತು. ದೇಶದಲ್ಲಿ ಸುಮಾರು 15 ಸಾವಿರ ಐಟಿಐ, 25 ಲಕ್ಷ ಸೀಟು. ತುಂಬಿದ್ದು ಶೇಕಡಾ 40ರಷ್ಟು ಮಾತ್ರ. ನೂರು ಕುರ್ಚಿ ಹಾಕಿದ್ದೀವಿ, ಅರವತ್ತು ಖಾಲಿ. ಇನ್ನೊಂದು ಕಡೆ ಉದ್ಯಮದವರು ಕೆಲಸ ಗೊತ್ತಿರುವ ಹುಡುಗರು ಸಿಗ್ತಿಲ್ಲ ಅಂತಾರೆ. ಹುಬ್ಬಳ್ಳಿ ವಾಲ್ವ್ ತಯಾರಿಕೆಗೆ ಹೆಸರಾದ ಊರು, ಧಾರವಾಡದಲ್ಲಿ ಟಾಟಾ ಮೋಟಾರ್ಸ್ ಇದೆ. ಕುರ್ಚಿ ಖಾಲಿ, ಕಾರ್ಖಾನೆಗೆ ಜನ ಬೇಕು, ಓಣಿಯಲ್ಲಿ ಹುಡುಗರು ಖಾಲಿ ಕೂತಿದ್ದಾರೆ. ಈ ಮೂರನ್ನೂ ಜೋಡಿಸೋಕೆ ಆಗದಿದ್ದರೆ ತಪ್ಪು ಹುಡುಗರದ್ದಾ?

ಇಲ್ಲೊಂದು ಎಚ್ಚರಿಕೆ ಹೇಳ್ತೀನಿ. ಖಾಲಿ ಕುರ್ಚಿ ನೋಡಿದ ಅಧಿಕಾರಿಗೆ ಮೊದಲು ಹೊಳೆಯೋದು ಎರಡೇ. ಮುಚ್ಚು, ಇಲ್ಲವೇ ವಿಲೀನ ಮಾಡು. ಇಂಗ್ಲೆಂಡ್‌ನಲ್ಲಿ 2015ರಿಂದ 2017ರವರೆಗೆ ಇಂಥದ್ದೇ ಕೆಲಸ ನಡೀತು. 16 ವರ್ಷ ದಾಟಿದವರ ಶಿಕ್ಷಣ, ತರಬೇತಿಯನ್ನ ಪ್ರದೇಶವಾರು ವಿಮರ್ಶೆ ಮಾಡಿದರು. ಒಟ್ಟು 37 ವಿಮರ್ಶೆ. ಒಂದು ಪ್ರದೇಶದ ಎಲ್ಲ ಕಾಲೇಜುಗಳನ್ನು ಒಂದೇ ಮೇಜಿನ ಸುತ್ತ ಕೂರಿಸಿದರು, ಸ್ಥಳೀಯ ಆಡಳಿತದವರೂ ಕೂತರು. ಯಾರು ಏನು ಕಲಿಸ್ತಿದ್ದೀರಿ, ನಿಮ್ಮ ಲೆಕ್ಕಪತ್ರ ಹೇಗಿದೆ, ಉದ್ಯಮಕ್ಕೆ ಏನು ಬೇಕು ಅಂತ ಕೇಳಿದರು. ಆಮೇಲೆ ಹಲವು ಕಾಲೇಜುಗಳು ವಿಲೀನವಾದವು. ಎಲ್ಲರನ್ನೂ ಒಂದೇ ಮೇಜಿಗೆ ಕರೆದ ಆ ಪದ್ಧತಿ ನಮಗೂ ಬೇಕು. ಆದರೆ ನಮ್ಮ ಮೇಜಿನ ಮೇಲೆ ಮೊದಲ ಪ್ರಶ್ನೆ ಲೆಕ್ಕಪತ್ರದ್ದು ಆಗಬಾರದು. ಮನೆಯಿಂದ ಎಷ್ಟು ದೂರ, ಯಾವ ಹೊತ್ತಿಗೆ ಕ್ಲಾಸು, ಇದು ಮೊದಲ ಪ್ರಶ್ನೆ ಆಗಬೇಕು. ಎರಡು ಬಸ್ಸು ಬದಲಾಯಿಸಬೇಕು ಅಂದ ತಕ್ಷಣ ಎಷ್ಟೋ ಮನೆಗಳಲ್ಲಿ ಮಗಳ ಓದು ನಿಲ್ಲುತ್ತೆ. ಶಕ್ತಿ ಯೋಜನೆ ಬಂದು 2023ರ ಜೂನ್‌ನಿಂದ ಸಿಟಿ ಬಸ್ಸಿಗೆ ಹೆಣ್ಣುಮಕ್ಕಳ ಟಿಕೆಟ್ ದುಡ್ಡು ಉಳಿತು, ಸಂಜೆ ಕತ್ತಲಾದ ಮೇಲೆ ವಾಪಸ್ ಬರುವ ಚಿಂತೆ ಉಳಿದೇ ಇದೆ.

ಹೆಣ್ಣುಮಕ್ಕಳ ಮಾತು ಬಂತು, ಒಂದು ಉದಾಹರಣೆ ಕೊಡ್ತೀನಿ. ಇದೇ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ. 1957ರ ನವೆಂಬರ್ 1ರಂದು ಹುಟ್ಟಿದ್ದು. ಭಾರತೀಯ ಮಾನಕ ಬ್ಯೂರೋ ಪ್ರಮಾಣೀಕರಿಸಿದ ಖಾದಿ ರಾಷ್ಟ್ರಧ್ವಜ ಅಲ್ಲಿ ತಯಾರಾಗುತ್ತೆ. ಅಲ್ಲಿ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಧ್ವಜದ ಅಳತೆ ಕೂದಲೆಳೆಯಷ್ಟು ತಪ್ಪಿದರೂ, ಅಶೋಕ ಚಕ್ರ ಎರಡೂ ಕಡೆ ಒಂದಕ್ಕೊಂದು ಕೂಡದಿದ್ದರೂ ಅದು ತಿರಸ್ಕಾರ. ಅಂಥ ನಿಖರತೆಯ ಕೆಲಸವನ್ನ ನಮ್ಮ ಭಾಗದ ಹೆಣ್ಣುಮಕ್ಕಳು ವರ್ಷಗಟ್ಟಲೆ ಮಾಡಿ ತೋರಿಸಿದ್ದಾರೆ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ತಿದ್ದುಪಡಿಯಾಗಿ ಪಾಲಿಸ್ಟರ್‌ಗೂ ಯಂತ್ರಕ್ಕೂ ಅವಕಾಶ ಸಿಕ್ಕ ಮೇಲೆ ಆ ಸಂಘಕ್ಕೆ ಕಷ್ಟ ಬಂತು. ಕೈಯಲ್ಲಿ ಅಷ್ಟು ನಿಖರತೆ ಇರುವ ಹೆಣ್ಣುಮಗಳಿಗೆ ನಾಳೆ ಎಲೆಕ್ಟ್ರಾನಿಕ್ಸ್ ಜೋಡಣೆ ಕಲಿಸೋಕೆ ಆಗಲ್ವಾ? ಹುಡುಗಿ ಅಂದ್ರೆ ಹೊಲಿಗೆ ಕ್ಲಾಸ್, ಇಲ್ಲಾಂದ್ರೆ ಕಂಪ್ಯೂಟರ್ ಬೇಸಿಕ್, ಇಷ್ಟಕ್ಕೇ ನಮ್ಮ ಯೋಚನೆ ನಿಂತುಬಿಡ್ತದೆ. ನೇಕಾರ ನಗರ ಅಂತ ಬಡಾವಣೆಯ ಹೆಸರೇ ಇರುವ ಊರಲ್ಲಿ ಕೈಕಸುಬನ್ನ ಇಷ್ಟು ಕಡಿಮೆ ಬೆಲೆಗೆ ತೂಗಬಾರದು.

ಇನ್ನು ಪ್ರಮಾಣಪತ್ರ ಹಂಚುವ ಕಥೆ. 2015ರ ಜುಲೈ 15ರಂದು ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ ಶುರುವಾಯಿತು. ಗುರಿ ದೊಡ್ಡದು, ಸಂಖ್ಯೆ ದೊಡ್ಡದು. 2025ರ ಡಿಸೆಂಬರ್‌ನಲ್ಲಿ ಸಿಎಜಿ ವರದಿ ಸಂಸತ್ತಿನ ಮುಂದೆ ಬಂತು. ಪರಿಶೀಲಿಸಿದ 95 ಲಕ್ಷಕ್ಕೂ ಹೆಚ್ಚು ಹೆಸರುಗಳಲ್ಲಿ ಶೇಕಡಾ 94ರಷ್ಟು ಕಡೆ ಬ್ಯಾಂಕ್ ಖಾತೆಯ ಕಾಲಂನಲ್ಲಿ ಸೊನ್ನೆ, ಇಲ್ಲವೇ ಖಾಲಿ. ಇಲಾಖೆಗೆ ತನ್ನದೇ ವಿವರಣೆ ಇದೆ, ಹಣ ಹೋಗೋದು ಆಧಾರ್ ಮೂಲಕ ಅಂತ. ಒಪ್ಪೋಣ. ಆದರೂ ಪ್ರಶ್ನೆ ಉಳಿಯುತ್ತೆ. ತರಬೇತಿ ಪಡೆದ ಆ ಹುಡುಗ ಒಂದು ವರ್ಷದ ನಂತರ ಎಲ್ಲಿದ್ದಾನೆ ಅಂತ ಯಾರಿಗಾದರೂ ಗೊತ್ತಾ? ಎಷ್ಟು ಜನ ಸೇರಿದರು ಅಂತ ಎಣಿಸುವ ವ್ಯವಸ್ಥೆ ಇದೆ. ಎಷ್ಟು ಜನ ನೆಲೆ ಕಂಡರು ಅಂತ ಎಣಿಸುವ ಅಭ್ಯಾಸ ನಮಗಿಲ್ಲ.

ರಾಜ್ಯ ಸರ್ಕಾರಕ್ಕೂ ಒಂದು ಮಾತು. ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರನಿಗೆ ತಿಂಗಳಿಗೆ 3,000, ಡಿಪ್ಲೊಮಾದವನಿಗೆ 1,500 ರೂಪಾಯಿ, ಎರಡು ವರ್ಷದ ತನಕ. ಐಟಿಐ ಹುಡುಗ ಆ ಪಟ್ಟಿಯಲ್ಲೇ ಇಲ್ಲ. ಇದರಿಂದ ಒಬ್ಬ ತಂದೆಗೆ ಏನು ಸಂದೇಶ ಹೋಗುತ್ತೆ? ಹೇಗಾದರೂ ಮಾಡಿ ಡಿಗ್ರಿ ಮಾಡಿಸು ಅಂತ ತಾನೇ? ಐಟಿಐ ಅಂದರೆ ಫೇಲಾದವರ ಜಾಗ ಅನ್ನುವ ಭಾವನೆ ಸಮಾಜದಲ್ಲಿ ಮೊದಲೇ ಇದೆ. ವಾಸ್ತವದಲ್ಲಿ ಎರಡು ವರ್ಷದ ಐಟಿಐ ಮುಗಿಸಿದವನು ನೇರವಾಗಿ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು, ಡಿಪ್ಲೊಮಾ ಮುಗಿಸಿದವನು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ. ಮೆಟ್ಟಿಲು ಇದೆ. ಅದರ ಬಗ್ಗೆ ಎಷ್ಟು ಮನೆಗಳಿಗೆ ಗೊತ್ತು?

ಟೀಕೆ ಮಾಡಿ ಎದ್ದು ಹೋಗೋದು ಸುಲಭ. ಹಾಗಾದರೆ ಏನು ಮಾಡಬೇಕು? ನಾನು ನಾಲ್ಕು ಮಾತು ಹೇಳ್ತೀನಿ. ಇದರಲ್ಲಿ ಯಾವುದಕ್ಕೂ ಹೊಸ ಕಟ್ಟಡ ಬೇಡ.

ಮೊದಲನೇದು, ಪಾಳಿ. 2022ರಲ್ಲಿ ತಂದ ಯಂತ್ರಗಳು ಸಂಜೆ ಆದ ಮೇಲೆ ಯಾಕೆ ನಿಲ್ಲಬೇಕು? ಐಟಿಐಗಳಿಗೆ ಪಾಳಿ ಅನ್ನೋದು ಹೊಸ ಶಬ್ದ ಅಲ್ಲ, ಸೀಟು ಮಂಜೂರಾಗೋದೇ ಪಾಳಿ ಲೆಕ್ಕದಲ್ಲಿ. ಸಂಜೆ ಆರರಿಂದ ಒಂಬತ್ತು ದುಡಿಯುವ ಹುಡುಗರಿಗೆ ತೆರೆದಿಡಿ. ಕಲಿಸುವವರಿಗೆ ಸರಿಯಾದ ಸಂಬಳ ಕೊಡಿ, ಗೌರವಧನ ಅಂತ ಪುಡಿಗಾಸು ಬೇಡ. ಹಳೇ ಹುಬ್ಬಳ್ಳಿಯಲ್ಲಿ ಸರ್ಕಾರಿ ಶಾಲೆಗಳಿವೆ, ಸಂಜೆ ಅವುಗಳಿಗೆ ಬೀಗ. ಥಿಯರಿ ಕ್ಲಾಸು ಅಲ್ಲೇ ನಡೆಸಿ, ಪ್ರಾಕ್ಟಿಕಲ್‌ಗೆ ವಾರಕ್ಕೆ ಎರಡು ದಿನ ಯಂತ್ರ ಇರುವ ಕಡೆ ಕರೆದೊಯ್ಯಿರಿ. ಹಬ್ ಅಂಡ್ ಸ್ಪೋಕ್ ಅಂದರೆ ಇದೇ ತಾನೇ?

ಎರಡನೇದು, ಗೊತ್ತಿರುವ ಕೆಲಸಕ್ಕೆ ಮಾನ್ಯತೆ. ನಿಮಗೆ ಗೊತ್ತಿರಲಿ, ಸಂಬಂಧಪಟ್ಟ ವೃತ್ತಿಯಲ್ಲಿ ಮೂರು ವರ್ಷ ದುಡಿದ ಕೆಲಸಗಾರ ಖಾಸಗಿ ಅಭ್ಯರ್ಥಿಯಾಗಿ ಅಖಿಲ ಭಾರತ ವೃತ್ತಿ ಪರೀಕ್ಷೆಗೆ ಕೂರುವ ದಾರಿ ನಿಯಮದಲ್ಲಿಯೇ ಇದೆ. ಐಟಿಐ ಓದಿದವರು ಬರೆಯುವ ಅದೇ ಪರೀಕ್ಷೆ. ಅಡ್ಡಿ ಎಲ್ಲಿದೆ ಅಂದ್ರೆ ಅನುಭವಕ್ಕೆ ದಾಖಲೆ ಬೇಕು. ನೋಂದಣಿಯೇ ಇಲ್ಲದ ಗ್ಯಾರೇಜ್ ಮಾಲೀಕ ಕೊಟ್ಟ ಚೀಟಿಗೆ ಬೆಲೆ ಇಲ್ಲ. ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿ ಉಚಿತ. ಇಲಾಖೆಯವರೇ ಗ್ಯಾರೇಜುಗಳಿಗೆ ಹೋಗಿ ನೋಂದಣಿ ಮಾಡಿಸಲಿ, ಹುಡುಗರ ಹೆಸರು ಬರೆದುಕೊಳ್ಳಲಿ, ಪರೀಕ್ಷೆಗೆ ಮೂರು ತಿಂಗಳು ಸಂಜೆ ತಯಾರಿ ಕೊಡಲಿ. ಚುನಾವಣೆ ಬಂದಾಗ ಮನೆ ಮನೆಗೆ ಹೋಗಿ ಪಟ್ಟಿ ಮಾಡೋಕೆ ಬರುತ್ತೆ, ಇದಕ್ಕೆ ಯಾಕೆ ಬರಲ್ಲ?

ಮೂರನೇದು, ಒಂದೇ ಕಿಟಕಿ. ವಾರ್ಡಿಗೊಂದು ಬೇಡ, ಹಳೇ ಹುಬ್ಬಳ್ಳಿಗೆ ಒಂದು ಸಾಕು. ಐಟಿಐ, ಪಾಲಿಟೆಕ್ನಿಕ್, ಜಿಟಿಟಿಸಿ, ರೈಲ್ವೆ ಅಪ್ರೆಂಟಿಸ್, ಬ್ಯಾಂಕ್ ತರಬೇತಿ, ಪಾಲಿಕೆ ಯೋಜನೆ, ಎಲ್ಲದರ ಮಾಹಿತಿ ಕನ್ನಡದಲ್ಲಿ, ಬೇಕಾದವರಿಗೆ ಉರ್ದುವಿನಲ್ಲೂ ಹೇಳುವ ಒಬ್ಬ ಮನುಷ್ಯ ಅಲ್ಲಿ ಕೂತಿರಬೇಕು. ವೆಬ್‌ಸೈಟ್ ನೋಡಿ ಅಂತ ಕಳಿಸುವವನು ಬೇಡ.

ನಾಲ್ಕನೇದು, ಲೆಕ್ಕ. ಪ್ರತಿ ಸಂಸ್ಥೆಯ ಗೇಟಿನ ಮೇಲೆ ಒಂದು ಬೋರ್ಡು ಹಾಕಿ. ಕಳೆದ ವರ್ಷ ಮುಗಿಸಿದವರು ಇಷ್ಟು, ಇವತ್ತು ಕೆಲಸದಲ್ಲಿ ಇರುವವರು ಇಷ್ಟು, ಅಪ್ರೆಂಟಿಸ್ ಸೇರಿದವರು ಇಷ್ಟು. ಅನುದಾನ ಆ ಬೋರ್ಡು ನೋಡಿ ಕೊಡಿ. ಖಾಸಗಿ ಐಟಿಐಗಳಿಗೂ ಇದೇ ನಿಯಮ. ದೇಶದ ಐಟಿಐಗಳಲ್ಲಿ ಮುಕ್ಕಾಲಿಗೂ ಹೆಚ್ಚು ಖಾಸಗಿಯವು ಅನ್ನೋದು ಮರೆಯಬೇಡಿ. ಎರಡು ಕೋಣೆ, ನಾಲ್ಕು ತುಕ್ಕು ಹಿಡಿದ ಯಂತ್ರ ಇಟ್ಟುಕೊಂಡು ಸರ್ಟಿಫಿಕೇಟ್ ಕೊಡುವವರು ಇದ್ದರೆ ಅಂಥವನ್ನ ಮುಚ್ಚಿ, ನನ್ನ ತಕರಾರಿಲ್ಲ. ಆದರೆ ಮುಚ್ಚುವ ಮುಂಚೆ ಅಲ್ಲಿನ ಮಕ್ಕಳಿಗೆ ಹತ್ತಿರದಲ್ಲಿ ಸೀಟು ತೋರಿಸಿ.

ಇಷ್ಟಾದರೆ ಎಲ್ಲರಿಗೂ ಕೆಲಸ ಸಿಕ್ಕಿಬಿಡುತ್ತಾ? ಇಲ್ಲ. ಹಾಗೆ ಹೇಳಿದರೆ ಅದು ಚುನಾವಣಾ ಭಾಷಣ ಆಗುತ್ತೆ. ಆದರೆ 22ರ ಹುಡುಗನಿಗೆ 24ರೊಳಗೆ ಒಂದು ಅರ್ಜಿ ಹಾಕುವ ಹಕ್ಕು ಸಿಗುತ್ತೆ. ಸೋತರೂ ಆಟ ಆಡಿ ಸೋಲ್ತಾನೆ. ಈಗ ಅವನು ಮೈದಾನದ ಗೇಟಿನಲ್ಲೇ ನಿಂತಿದ್ದಾನೆ.

ಹುಬ್ಬಳ್ಳಿ, ಧಾರವಾಡದ ವೀಕ್ಷಕರಿಗೆ ಒಂದು ವಿನಂತಿ. ಮುಂದಿನ ಸಲ ನಿಮ್ಮ ಕಾರ್ಪೊರೇಟರ್, ಶಾಸಕರು ಮನೆ ಮುಂದೆ ಬಂದಾಗ ರಸ್ತೆ, ಗಟಾರ, ನೀರು ಕೇಳಿ, ಕೇಳಲೇಬೇಕು. ಜೊತೆಗೆ ಇದನ್ನೂ ಕೇಳಿ. ನಮ್ಮ ಓಣಿಯಿಂದ ಈ ವರ್ಷ ಐಟಿಐ ಸೇರಿದ ಮಕ್ಕಳು ಎಷ್ಟು? ಮುಗಿಸಿದವರು ಎಷ್ಟು? ಸಂಜೆ ಪಾಳಿ ಯಾವಾಗ? ಉತ್ತರ ಗೊತ್ತಿಲ್ಲ ಅಂದರೆ ಕೋಪ ಮಾಡ್ಕೋಬೇಡಿ. ಮುಂದಿನ ತಿಂಗಳು ಬಂದು ಹೇಳಿ ಅಂತ ತಾರೀಖು ಬರೆದುಕೊಳ್ಳಿ. ಮುಂದಿನ ತಿಂಗಳು ಮತ್ತೆ ಕೇಳಿ.